ಕಮಾನಿಗೆ ಕೇಶಸಂರಕ್ಷಣೆ

ಮಗಳು ಆ ಹುಡುಗನನ್ನು ಮೊದಲ ಸಲ ಮನೆಗೆ ಕರೆತಂದ ದಿನ ಅತ್ತೆಯ ಕಣ್ಣು ನೆಟ್ಟಿದ್ದು ಅವನ ಮುಖದ ಮೇಲಲ್ಲ, ಎಡದವಡೆಯ ಕೆಳಗಿದ್ದ ಕಪ್ಪು ಕಲೆಯ ಮೇಲೆ. (ಆಗಿನ್ನೂ ಆಕೆ ಅತ್ತೆಯಾಗಿರಲಿಲ್ಲ. ಆದರೆ ಆ ಪದವಿಗೆ ಬೇಕಾದ ದೃಷ್ಟಿ ಹುಟ್ಟಿನಿಂದಲೇ ಇತ್ತು.)

"ಇದೇನಪ್ಪಾ, ಕತ್ತಿನ ಮೇಲೆ?"

"ಪಿಟೀಲು ಒತ್ತಿ ಒತ್ತಿ ಆಗಿದ್ದಮ್ಮ. ಕಾಯಿಲೆ ಅಲ್ಲ, ಕಸುಬು."

"ಕಸುಬೋ ಕಜ್ಜಿಯೋ, ನನ್ನ ಎಣ್ಣೆ ಮುಂದೆ ಎರಡೂ ಒಂದೇ. ಎಲ್ಲಿ, ಕತ್ತು ತಿರುಗಿಸು."

ಗಂಡ ತೀರಿಕೊಂಡ ಮೇಲೆ ಆ ಮನೆಯಲ್ಲಿ ರಾಜ್ಯಭಾರ ನಡೆಸಿದ್ದು ಇಬ್ಬರೇ: ಆಕೆ ಮತ್ತು ಆಕೆ ಕೈಯಾರೆ ಕಾಯಿಸಿದ ಎಣ್ಣೆ. ಕೂದಲು ಉದುರಿದರೆ ಅದು, ಮಂಡಿ ನೋವಿಗೆ ಅದು, ಬಾಗಿಲು ಕಿರುಗುಟ್ಟಿದರೂ ಅದೇ. "ಒಂದು ಸಲ ಹಚ್ಚಿದ್ರೆ ಯಾವ ಸೋಪಿಗೂ ಜಗ್ಗಲ್ಲ" ಎಂಬುದು ಆಕೆಯ ಹೆಮ್ಮೆಯ ಮಾತು. ಆ ಎಣ್ಣೆ ತಲೆಗೆ ಹಚ್ಚಿಸಿಕೊಂಡಿದ್ದ ಪಕ್ಕದ ಮನೆಯ ಟೀಚರಮ್ಮನ ದಿಂಬಿನ ಚೀಲಗಳೆಲ್ಲ ಈ ಮಾತಿಗೆ ಸಾಕ್ಷಿ ಹೇಳುತ್ತಿದ್ದವು.

ಕತ್ತಿನ ಕಲೆ ಹೋಗಲಿಲ್ಲ, ಹುಡುಗನೂ ಹೋಗಲಿಲ್ಲ. ಅಳಿಯನಾಗಿ ಮಹಡಿಯ ಕೋಣೆ ಸೇರಿದ.

ಹಿತ್ತಲ ಗಿಡ ಮದ್ದಲ್ಲ ಅನ್ನುತ್ತಾರಲ್ಲ, ಅಳಿಯನ ಪಾಡು ಹಾಗೇ ಇತ್ತು. ಊರಿನಲ್ಲಿದ್ದರೆ ಚಪ್ಪಲಿ ಅಂಗಡಿಯ ಉದ್ಘಾಟನೆಗೆ ನುಡಿಸಬೇಕು. ಮದುವೆ ಮನೆಯಲ್ಲಿ ಕಣ್ಣು ಮುಚ್ಚಿ ಸ್ವರ್ಗಕ್ಕೆ ಏಣಿ ಹಾಕುತ್ತಿದ್ದರೆ ಯಾರೋ ಭುಜ ತಟ್ಟಿ, "ಸ್ವಲ್ಪ ಆ ಕಡೆ ಸರೀರಿ, ಐಸ್‌ಕ್ರೀಮ್ ಸಾಲಿಗೆ ಅಡ್ಡ ಆಗ್ತೀರಿ" ಅನ್ನುತ್ತಿದ್ದರು. ಅದೇ ಮನುಷ್ಯ, ಅದೇ ಪಿಟೀಲು ವಿಮಾನ ಹತ್ತಿ ಇಳಿದರೆ ಅಲ್ಲಿ ಕೋಟು ತೊಟ್ಟವನೊಬ್ಬ ಬಗ್ಗಿ ಬಾಗಿಲು ತೆರೆಯುತ್ತಿದ್ದ. ಮರಳಿ ಬಂದರೆ ಮತ್ತೆ ಐಸ್‌ಕ್ರೀಮ್ ಸಾಲು.

ಇಂಥದ್ದರಲ್ಲಿ ಒಂದು ದಿನ ಹೊರದೇಶದ ಐದು ಜನರ ವಾದ್ಯತಂಡವೊಂದು ಅವನನ್ನು ಕರೆಯಿತು. ಒಬ್ಬ ಕೊಳಲಿನವನು, ಒಬ್ಬ ಗಿಟಾರಿನವನು, ಇಬ್ಬರು ಡೋಲು ಬಡಿಯುವವರು, ಪಿಟೀಲಿಗೆ ಇವನೊಬ್ಬನೇ. ಮೊದಲ ಕಛೇರಿ ಯಜಮಾನರಿಗೆ ಒಪ್ಪಿಗೆಯಾದರೆ ಕೆಲಸ ಕಾಯಂ, ಇಲ್ಲದಿದ್ದರೆ ಮುಂದಿನ ವಿಮಾನಕ್ಕೆ ವಾಪಸು.

ಹೊರಡುವ ಹಿಂದಿನ ದಿನ ಗಂಡ ಹೆಂಡತಿ ಪೆಟ್ಟಿಗೆ ಕೊಳ್ಳಲು ಪೇಟೆಗೆ ಹೊರಟರು.

"ಅತ್ತೆ, ಪಿಟೀಲಿನ ಮೇಲೆ ಧೂಳು ಕೂತಿದೆ. ಒಣಬಟ್ಟೇಲಿ ಮೆತ್ತಗೆ ಒರೆಸಿಡ್ತೀರಾ?"

"ಅಮ್ಮ, ಬರೀ ಒರೆಸು" ಎಂದಳು ಮಗಳು. "ನಿನ್ನ ಸ್ವಂತ ಬುದ್ಧಿ ಖರ್ಚು ಮಾಡಬೇಡ."

"ನಿನ್ನನ್ನ ಬೆಳೆಸಿದ್ದು ಯಾರ ಬುದ್ಧೀಲೇ? ಹೋಗು ಹೋಗು, ನಂಗೆ ಹೇಳಿಕೊಡೋಕೆ ಬಂದ್ಲು."

ಅತ್ತೆ ಪಿಟೀಲನ್ನು ಹಸುಗೂಸಿನಂತೆ ಮಡಿಲಲ್ಲಿಟ್ಟು ಮೂಲೆಮೂಲೆ ಒರೆಸಿದರು. ಅಲ್ಲಿಗೆ ನಿಲ್ಲಿಸಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಪಿಟೀಲು ಪೆಟ್ಟಿಗೆಯ ಮುಚ್ಚಳದಲ್ಲಿ, ತಂತಿಯ ಮೇಲೆ ಎಳೆದು ನುಡಿಸುವ ಎರಡು ಕಮಾನು ಇದ್ದವು. ಅವಕ್ಕೆ ಕಟ್ಟಿದ್ದು ಕುದುರೆ ಬಾಲದ ಕೂದಲು ಎಂದು ಅಳಿಯನೇ ಒಮ್ಮೆ ಹೇಳಿದ್ದ. ಬೆರಳಾಡಿಸಿದರು. ಒರಟು ಒರಟು. ಮೇಲೆ ಬಿಳಿ ಪುಡಿ.

"ಅಯ್ಯೋ ಶಿವನೇ, ಹೊಟ್ಟು!"

ತಲೆಹೊಟ್ಟು ಕಂಡು ಸುಮ್ಮನೆ ಕೂರುವುದು ಆಕೆಯ ಜಾಯಮಾನವಲ್ಲ. ಉಗುರುಬೆಚ್ಚಗಿನ ನೀರಿನಲ್ಲಿ ಶಾಂಪೂ ಹಾಕಿ ತೊಳೆದರು, ನೆರಳಲ್ಲಿ ಆರಿಸಿದರು, ಎಳೆ ಎಳೆಗೂ ತಾಗುವಂತೆ ಎಣ್ಣೆ ತಿಕ್ಕಿ ಬಾಚಿದರು. ಎರಡಕ್ಕೂ. (ಒಂದಕ್ಕೆ ಮಾಡಿ ಇನ್ನೊಂದಕ್ಕೆ ಬಿಡುವ ಪಕ್ಷಪಾತ ಆಕೆಗೆ ಗೊತ್ತಿಲ್ಲ.) ಮುಚ್ಚಳ ಹಾಕಿದಾಗ ಪುಣ್ಯಕಾರ್ಯ ಮುಗಿಸಿದ ಸಮಾಧಾನ. ಹೇಳಿಕೊಳ್ಳಲಿಲ್ಲ. ಅಲ್ಲೇ ತೆಗೆದು ನೋಡಿ ಖುಷಿಪಡಲಿ ಎಂದುಕೊಂಡರು.

ವಿಮಾನ ತಡವಾಗಿ ಅಳಿಯ ನಿಲ್ದಾಣದಿಂದ ನೇರವಾಗಿ ವೇದಿಕೆ ಹತ್ತಿದ. ಇಲ್ಲಿ ಬೆಳಿಗ್ಗೆ ಮಗಳು ಫೋನನ್ನು ಡಬ್ಬಕ್ಕೆ ಒರಗಿಸಿ ನೇರಪ್ರಸಾರ ಹಚ್ಚಿದಳು. ಅತ್ತೆ ಟೀಚರಮ್ಮನನ್ನೂ ಕರೆಸಿ ಮುಂದಿನ ಕುರ್ಚಿಯಲ್ಲಿ ಕೂರಿಸಿದ್ದರು. ಮಹಡಿಯ ಪಿಟೀಲಿನ ಸದ್ದಿಗೆ ದಿನಾ ಕಿಟಕಿ ಬಡಿದು ಮುಚ್ಚುತ್ತಿದ್ದವರು ಅವರೇ ತಾನೆ!

ಅಳಿಯ ಕಮಾನು ಎತ್ತಿದ. ದೀಪದ ಬೆಳಕಿಗೆ ಅದು ಫಳಫಳ ಹೊಳೆಯಿತು.

"ನೋಡಿದ್ರಾ ಹೊಳಪು!" ಎಂದರು ಅತ್ತೆ.

ಕಮಾನು ತಂತಿಯ ಮೇಲೆ ಅತ್ತ ಹೋಯಿತು, ಇತ್ತ ಬಂತು. ಸದ್ದಿಲ್ಲ.

"ಸೌಂಡು ಜಾಸ್ತಿ ಮಾಡ್ರೀ" ಎಂದರು ಟೀಚರಮ್ಮ.

"ಡೋಲು ಕೇಳ್ತಿದೆಯಲ್ಲ. ದೊಡ್ಡ ಸಭೆ, ಮೆತ್ತಗೆ ಶುರು ಮಾಡ್ತಾರೆ. ನಿಮಗೆ ಇದೆಲ್ಲ ತಿಳಿಯಲ್ಲ ಬಿಡಿ."

ಅಳಿಯ ಕಮಾನು ಬದಲಿಸಿದ. ಎರಡನೆಯದು ಇನ್ನೂ ಹೊಳೆಯಿತು. ಸದ್ದು ಮಾತ್ರ ಅಷ್ಟೇ.

ಮಗಳು ನಿಧಾನವಾಗಿ ತಿರುಗಿದಳು. "ಅಮ್ಮಾ, ಬರೀ ಒರೆಸಿದೆ ತಾನೆ?"

ಅತ್ತೆ ಫೋನಿನಲ್ಲೇ ಕಣ್ಣಿಟ್ಟು, "ಒರೆಸಿದೆ... ಅದನ್ನೂ ಮಾಡಿದೆ" ಎಂದರು.

ಅಳಿಯ ಬೆರಳು ಮೂಸಿದ. ಸಾವಿರಾರು ಮೈಲಿ ಆಚೆ ಅವನಿಗೆ ಆ ವಾಸನೆಯ ಗುರುತು ಸಿಕ್ಕಿದ್ದು ಇಲ್ಲಿಗೂ ಕಂಡಿತು. ಕಮಾನನ್ನು ಕೆಳಗಿಟ್ಟು ಪಿಟೀಲನ್ನು ಎದೆಗೆ ಅಡ್ಡ ಹಿಡಿದು ಬೆರಳಿನಿಂದ ಮೀಟತೊಡಗಿದ. ಮೊದಲು ಹನಿಹನಿ, ಆಮೇಲೆ ಆಲಿಕಲ್ಲು. ಕಡೆಗೆ ಸಭೆಗೆ ಸಭೆಯೇ ಎದ್ದು ನಿಂತಿತು.

"ಕಂಡ್ರಾ?" ಎಂದು ಅತ್ತೆ ಟೀಚರಮ್ಮನ ಕಡೆ ಹೊಸ ಉಸಿರಿನಿಂದ ತಿರುಗಿದರು. "ಎಲ್ಲಾ ನನ್ನ ಎಣ್ಣೆ ಪ್ರಭಾವ!"

ಫೋನು ಬಂದಾಗ ಹೊಗಳಿಕೆ ಟೀಚರಮ್ಮನ ಕಿವಿಗೂ ಬೀಳಲಿ ಎಂದು ಸ್ಪೀಕರ್ ಹಾಕಿಸಿದರು.

"ಕೆಲಸ ಕಾಯಂ ಆಯ್ತು ಅತ್ತೆ" ಎಂದ ಅಳಿಯ.

"ನಾ ಹೇಳಲಿಲ್ವಾ!"

"ಅದು ಹೊಟ್ಟಲ್ಲ ಅತ್ತೆ, ರಾಳದ ಪುಡಿ. ಅದು ತಂತಿ ಕಚ್ಚಿಕೊಂಡ್ರೇನೇ ಸದ್ದು. ಎಣ್ಣೆ ಬಿದ್ರೆ ಜಾರುತ್ತೆ. ಇವತ್ತೇನೋ ಮೀಟಿ ಪಾರಾದೆ. ನಾಳೆ ಬೆಳಿಗ್ಗೆ ನುಡಿಸೋದನ್ನ ಕಮಾನು ಎಳೆದೇ ನುಡಿಸಬೇಕು, ಮೀಟಿದ್ರೆ ನಡೆಯಲ್ಲ. ಇಲ್ಲಿ ಅಂಗಡಿಗಳೆಲ್ಲ ನಾಳೆ ರಜೆ."

ಅತ್ತೆ ಸ್ಪೀಕರ್ ಆರಿಸುವ ಗುಂಡಿ ಎಲ್ಲಿದೆ ಎಂದು ಹುಡುಕತೊಡಗಿದರು. ಟೀಚರಮ್ಮ ಎದ್ದು ಹೊರಟವರು ಅಲ್ಲೇ ನಿಂತರು. ದಿಂಬಿನ ಚೀಲಗಳ ನೆನಪಾಗಿರಬೇಕು, ಫೋನಿನ ಹತ್ತಿರ ಬಂದು ಕಿವಿ ಕೊಟ್ಟರು.

"ಅತ್ತೆ, ಕೇಳ್ತಿದೆಯಾ? ನಿಮಗಲ್ಲದೆ ಇನ್ನಾರಿಗೆ ಗೊತ್ತಿರುತ್ತೆ? ಈ ಎಣ್ಣೆ ಯಾವ ಸೋಪಿಗೆ ಹೋಗುತ್ತೆ?"