ಕೆಂಪು ರೆಪ್ಪೆಯೂ ರಾವಂದೂರಿನ ಬೀಗರೂ

ನಾನು ಹುಟ್ಟು ಸಂಶಯದವನು. ಹಾಲಿನವಳು ಗಟ್ಟಿ ಹಾಲು ಕೊಟ್ಟರೆ ಇವಳಿಗೆ ಇವತ್ತು ಏನಾಗಿದೆ ಎಂದು ಯೋಚಿಸುವವನು. ಇಂಥವನಿಗೆ ಕಣ್ಣಿನ ರೆಪ್ಪೆ ಊದಿಕೊಂಡರೆ ಮನೆಯವರಿಗೆ ಉಳಿಗಾಲವುಂಟೆ? ಆಗ ನಾನು ಹನಗೋಡಿನ ಶಾಲೆಯಲ್ಲಿ ಮಹಾರಾಜರ ಪಟದ ಕೆಳಗೆ ಕೂತು ಮಗ್ಗಿ ಹೇಳಿಸುತ್ತಿದ್ದ ಮೇಷ್ಟರು. ಬೆಳಿಗ್ಗೆ ಎದ್ದರೆ ರೆಪ್ಪೆಗೂದಲಿಗೆ ಗೀಜು ಅಂಟಿ ಕಣ್ಣು ಬಿಡಲಾಗುತ್ತಿರಲಿಲ್ಲ. ಕಷ್ಟಪಟ್ಟು ಬಿಟ್ಟರೆ ಅಂಚೆಲ್ಲ ಕೆಂಪು, ನವೆ, ಉರಿ. ಮೊದಲ ಅನುಮಾನ ಹೆಂಡತಿಯ ಮೇಲೆ ಬಿತ್ತು. ಮೆಣಸಿನಕಾಯಿ ಕುಟ್ಟುವಾಗ ಬೇಕೆಂದೇ ಘಾಟು ನನ್ನ ಕಡೆ ಬಿಡುತ್ತೀಯ ಎಂದೆ. "ಗಾಳಿನೂ ನಾನು ನಮ್ಮಪ್ಪನ ಮನೆಯಿಂದ ತಂದಿವ್ನಾ?" ಎಂದು ಒನಕೆ ಎತ್ತಿದಳು.

ನಿಜವಾದ ಭಯ ಬೇರೆ ಇತ್ತು. ಸೋಮವಾರ ರಾವಂದೂರಿನವರು ನನ್ನ ಮಗಳು ಗೌರಿಯನ್ನು ನೋಡಲು ಬರುವವರಿದ್ದರು. ನಾವು ಮೂರು ಹೊತ್ತು ವಿಭೂತಿ ಧರಿಸುವ ಜನ. ಹೆಣ್ಣಿನ ತಂದೆಯ ಕಣ್ಣು ಹೀಗೆ ಕೆಂಡವಾಗಿದ್ದರೆ ಅವರು ಏನೆಂದುಕೊಳ್ಳುತ್ತಾರೆ? ಈಚಲು ಮರದ ಕೆಳಗೆ ಮಜ್ಜಿಗೆ ಕುಡಿದವನ ಪಾಡು ನನ್ನದು. ನನ್ನಿಂದ ಸಂಬಂಧ ಮುರಿದುಬಿದ್ದರೆ ಗೌರಿಗೆ ಹೇಗೆ ಮುಖ ತೋರಿಸಲಿ?

ಗಾಡಿ ಕಟ್ಟಿಸಿಕೊಂಡು ಹುಣಸೂರಿನ ಡಾಕ್ಟರ ಬಳಿ ಹೋದೆ. "ರೆಪ್ಪೆ ಅಂಚಲ್ಲಿ ಜಿಡ್ಡು ಕಟ್ಟಿದೆ ಮೇಷ್ಟ್ರೇ. ಬೆಚ್ಚನೆ ನೀರಲ್ಲಿ ಅದ್ದಿದ ಶುಭ್ರವಾದ ಬಟ್ಟೆ ಮುಚ್ಚಿದ ಕಣ್ಣ ಮೇಲೆ ಇಟ್ಕೊಳ್ಳಿ, ಆಮೇಲೆ ಕೂದಲ ಬುಡ ಮೆತ್ತಗೆ ಒರೆಸಿ. ದಿನಾ ಎರಡು ಸಲ. ಉಜ್ಜಬೇಡಿ, ಏನೂ ಹಚ್ಚಬೇಡಿ. ಇದು ಮತ್ತೆ ಮತ್ತೆ ಬರೋದು, ಹತೋಟೀಲಿ ಇಟ್ಕೋಬೇಕು ಅಷ್ಟೆ" ಎಂದರು. ಸೀಸೆಯಿಲ್ಲ, ಪುಡಿಯಿಲ್ಲ! ನಮ್ಮ ಬಚ್ಚಲ ಹಂಡೆಯ ನೀರನ್ನೇ ನಮಗೆ ಔಷಧಿಯೆಂದು ಕೊಟ್ಟು ಕಳಿಸುವ ಈತ ಒಳ್ಳೆಯ ಔಷಧಿಯನ್ನು ಯಾರಿಗಾಗಿ ಎತ್ತಿಟ್ಟಿದ್ದಾರೋ! ಆದರೂ ನಾಲ್ಕು ದಿನ ಬಟ್ಟೆ ಇಟ್ಟೆ. ಉರಿ ಇಳಿಯಿತು. ಬರೀ ನೀರಿಗೆ ಇಳಿಯಿತಲ್ಲ ಎಂದು ಅನುಮಾನ ಇನ್ನೂ ಹೆಚ್ಚಿತು.

ಸೋಮವಾರ ಸ್ನಾನ ಮಾಡಿ ಪೂಜೆಗೆ ಕೂತವನು, ಡಾಕ್ಟರು ಶಿವನಿಗಿಂತ ದೊಡ್ಡವರೇ ಎಂದುಕೊಂಡು ಹಣೆಯ ವಿಭೂತಿಯನ್ನು ರೆಪ್ಪೆಗಳಿಗೂ ಧಾರಾಳವಾಗಿ ಎಳೆದೆ. ರಾವಂದೂರಿನ ಗಾಡಿ ಬಾಗಿಲಿಗೆ ಬರುವಷ್ಟರಲ್ಲಿ ಅದು ಕಣ್ಣೊಳಗೆ ಇಳಿದು ದಳದಳ ನೀರು. ಗಂಡಿನ ತಂದೆ ಜಗಲಿಯ ಮೇಲೆ ಕೂತು ನನ್ನ ಮುಖವನ್ನೇ ನೋಡಿದರು. ನಾನು ಕುಡಿಯುವವನಲ್ಲ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಅವರು ನನ್ನ ಕೈ ಹಿಡಿದುಕೊಂಡರು.

"ಬುಡಿ ಮೇಷ್ಟ್ರೇ, ಅಳಬ್ಯಾಡಿ. ಮಗಳ ಮ್ಯಾಲೆ ಇಷ್ಟು ಜೀವ ಮಡಿಕಂಡಿರೋ ಮನೆ ಹೆಣ್ಣೇ ನಮ್ಗೆ ಬೇಕಾಗಿರೋದು ಕಣ್ರೀ."

ಮಾತು ಅಲ್ಲೇ ಗಟ್ಟಿಯಾಯಿತು. ನಾನು ನಾಚಿಕೆಯಿಲ್ಲದೆ ಶಲ್ಯದಿಂದ ಕಣ್ಣೊರೆಸಿಕೊಂಡೆ.

ಅವರನ್ನು ಕಳಿಸಿ, ಮುಖ ತೊಳೆದು ವಿಭೂತಿಯನ್ನೆಲ್ಲ ತೆಗೆದು ಕೂತಿದ್ದೆ. ಗೌರಿ ಬೆಚ್ಚನೆ ನೀರು, ಬಟ್ಟೆ ತಂದಳು. "ಅಪ್ಪಯ್ಯ, ನನ್ನ ಕಳ್ಸಕ್ಕೆ ನಿಮ್ಗೆ ಅಷ್ಟೊಂದು ಸಂಕಟ್ವಾ?" ಎಂದಳು.

"ಇಲ್ಲ ಕಣವ್ವ, ಕಣ್ಣಿಗೆ ವಿಭೂತಿ ಬಿತ್ತು, ಅಷ್ಟೆಯ" ಎಂದೆ.

ಅವಳು ನಂಬಲಿಲ್ಲ. ಬಟ್ಟೆ ಹಿಂಡಿ ಮುಚ್ಚಿದ ಕಣ್ಣ ಮೇಲಿಟ್ಟು ಒಳಗೆ ಹೋದಳು. ಬಟ್ಟೆಯ ಕೆಳಗೆ ನೀರು ಮಾತ್ರ ನಿಲ್ಲಲೇ ಇಲ್ಲ. ಊರನ್ನೆಲ್ಲ ಅನುಮಾನಿಸಿದವನಿಗೆ ಆಗ ಮೊದಲ ಬಾರಿಗೆ ನನ್ನ ಮಾತಿನ ಮೇಲೇ ಅನುಮಾನ ಬಂತು.