ಮೂರು ಸಾವಿರಕ್ಕೆ ಹೆದರಿದವಳು

ಮೂರು ಸಾವಿರ ಎಂಬ ಅಂಕಿ ಬೆಳಗಿನಿಂದ ಅವಳ ತಲೆಯೊಳಗೆ ಚಕ್ಕಳಮಕ್ಕಳ ಹಾಕಿ ಕೂತುಬಿಟ್ಟಿತ್ತು. ಬಾಟಲಿ ಕುದಿಸುವಾಗಲೂ ಮೂರು ಸಾವಿರ, ಬಟ್ಟೆ ಮಡಚುವಾಗಲೂ ಮೂರು ಸಾವಿರ. (ಎಂಟು ತಿಂಗಳ ಮಗು ಸೀನಿದರೆ ಡಾಕ್ಟರ ನಂಬರು ಹುಡುಕುವ, ಸೀನದಿದ್ದರೆ ಯಾಕೆ ಸೀನಲಿಲ್ಲವೆಂದು ಕೊರಗುವ ತಾಯಿ ಅವಳು.)

ಅಂಕಿ ಇದ್ದದ್ದು ಗಂಡ ತುಂಬಿಟ್ಟ ಫಾರಂನಲ್ಲಿ. ಆತ ಎರಡು ವರ್ಷದಿಂದ ಶೆಡ್ಡಿನಲ್ಲಿ ಒಂದು ಹಳೆಯ ಕಾರಿಗೆ ಭಾರಿ ಇಂಜಿನ್ ಕೂರಿಸಿ ಅದರ ಪಟ್ಟಾಭಿಷೇಕಕ್ಕೆ ಕಾದಿದ್ದ. ಕಾರಿಗೆ ‘ದೊಡ್ಡವಳು’ ಎಂದೇ ಹೆಸರು. ಹಾಗಾಗಿ ತೊಟ್ಟಿಲಲ್ಲಿದ್ದದ್ದು ಚಿಕ್ಕವಳು. ಬಾಕಿ ಉಳಿದದ್ದು ಟಾರ್ಕ್ ಕನ್ವರ್ಟರ್ ಒಂದೇ. ಇಂಜಿನ್ನಿನ ಬಲವನ್ನು ಎಣ್ಣೆಯ ಮೂಲಕ ಗೇರ್‌ಬಾಕ್ಸಿಗೆ ದಾಟಿಸುವ, ಕುಂಬಳಕಾಯಿ ಗಾತ್ರದ ಉಕ್ಕಿನ ಗುಂಡು ಅದು. ಪ್ರತಿ ಕಾರಿಗೂ ತಕ್ಕಂತೆ ಅದನ್ನು ಮಾಡಿಕೊಡುವ ಮುದುಕರೊಬ್ಬರಿದ್ದರು. ಫಾರಂ ಅವರದೇ.

“ರೀ, ಮೂರು ಸಾವಿರ ಜಾಸ್ತಿ ಆಗಲ್ವಾ?”

“ಅದು ಸ್ಪೀಡಲ್ಲ ಕಣೇ. ಇಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ಸುತ್ತಿದ್ಮೇಲೆ ಹಿಡಿತ ಬರ್ಬೇಕು ಅನ್ನೋ ಲೆಕ್ಕ.”

“ಒಂದೂವರೆ ಸಾವಿರ ಸಾಲಲ್ವಾ? ಹಿಂದೆ ಮಗು ಕೂತಿರುತ್ತೆ.”

“ಸುಮ್ನಿರು ತಾಯಿ. ನನ್ ಕೈಯೆಲ್ಲ ಗ್ರೀಸು, ಫೋಟೊ ತೆಗೆದು ಅವರಿಗೆ ಕಳಿಸ್ಬಿಡು.”

ಕಳಿಸಿದಳು. ಕಳಿಸುವ ಮುನ್ನ, ಮಗುವಿನ ಸ್ನಾನದ ಬಿಸಿನೀರಿಗೆ ತಣ್ಣೀರು ಬೆರೆಸುವಷ್ಟೇ ಸಹಜವಾಗಿ, ಮೂರು ಸಾವಿರವನ್ನು ಅರ್ಧಕ್ಕಿಳಿಸಿದಳು. ಮುದುಕರು ಎರಡು ಸಲ ಫೋನ್ ಮಾಡಿದಾಗ ಕಟ್ ಮಾಡಿ, ‘ಮಗು ಮಲಗಿದೆ, ಬರೆದಂತೆಯೇ ಮಾಡಿ’ ಎಂದು ಮೆಸೇಜು ಹಾಕಿದಳು.

ಗುಂಡು ಬಂತು, ಕಾರಿನೊಳಗೆ ಕೂತಿತು. ಮೂವರ ಮೊದಲ ಸವಾರಿ ಹೊರಟಿತು. ಮೊದಲ ಸಿಗ್ನಲ್‌ನಲ್ಲಿ ಕೆಂಪು ದೀಪ ಬಿದ್ದದ್ದೇ ತಡ, ದೊಡ್ಡವಳು ಹಗ್ಗ ಹರಿಯಲು ಹೊರಟ ಹೋರಿಯಂತೆ ಮುಂದಿನ ಬಸ್ಸಿನತ್ತ ನುಗ್ಗತೊಡಗಿದಳು. ಗಂಡ ಎರಡೂ ಕಾಲಿನಿಂದ ಬ್ರೇಕ್ ತುಳಿದ.

“ನಿಲ್ಲಿಸ್ರೀ!”

“ನಿಲ್ಲಿಸ್ತಾನೇ ಇದೀನಿ ಕಣೇ!”

ಕಾರು ಗಡಗಡ ನಡುಗಿ, ಬಸ್ಸಿಗೆ ಗೇಣುದ್ದ ಇರುವಾಗ ಉಸಿರು ಬಿಟ್ಟಿತು. ಹಿಂದಿನಿಂದ ಹಾರ್ನುಗಳ ಮಂಗಳವಾದ್ಯ. ಚಿಕ್ಕವಳು ಮಾತ್ರ ಚಪ್ಪಾಳೆ ತಟ್ಟಿದಳು.

ಆಮೇಲೆ ಮೂರು ದಿನ ಗಂಡ ಕೂಗಾಡಲಿಲ್ಲ, ಯಾರನ್ನೂ ಬಯ್ಯಲಿಲ್ಲ. ಅದನ್ನೇ ಅವಳಿಗೆ ತಡೆಯಲಾಗಲಿಲ್ಲ. ಶೆಡ್ಡಿನ ಸ್ಟೂಲಿನ ಮೇಲೆ ಕೂತು, “ನಾನು ಇಂಜಿನ್ ಕಟ್ಟಿದ್ದೇ ಸರಿ ಇಲ್ಲ ಕಣೇ. ನನ್ ಯೋಗ್ಯತೆ ಇಷ್ಟೇ. ನಾಳೆ ಎಲ್ಲ ಬಿಚ್ಚಿ, ಕೇಳಿದೋರಿಗೆ ಕೊಟ್ಬಿಡ್ತೀನಿ” ಅಂದ. ಎರಡು ವರ್ಷದ ಕನಸು ಅವಳ ಒಂದು ಪೆನ್ನಿನ ಗೀಟಿಗೆ ಬಲಿಯಾಗುತ್ತಿತ್ತು.

ಬಚ್ಚಲುಮನೆ ಸೇರಿ ಚಿಲಕ ಹಾಕಿ, ಯಾರಿಗೂ ಕೇಳಿಸದಿರಲೆಂದು ನಲ್ಲಿ ತಿರುಗಿಸಿ, ಮುದುಕರಿಗೆ ಫೋನ್ ಮಾಡಿದಳು. ನಲ್ಲಿಯ ಸದ್ದಿಗೆ ಅವರಿಗೂ ಏನೂ ಕೇಳಿಸದೆ, ತಪ್ಪೊಪ್ಪಿಗೆಯನ್ನು ಮೂರು ಸಲ ಕೂಗಿ ಹೇಳಬೇಕಾಯಿತು.

“ಆ ಅಂಕಿ ತಿದ್ದಿದ್ದು ನಾನು ಸಾರ್! ಮಗು ಇದೆ, ಗಾಡಿ ಮೆತ್ತಗೆ ಹೋಗ್ಲಿ ಅಂತ!”

“ಅಯ್ಯೋ ಅಮ್ಮಾ, ಮೆತ್ತಗಿರ್ತಿದ್ದಿದ್ದೇ ಮೂರು ಸಾವಿರ! ಅದು ಸಿಗ್ನಲ್‌ನಲ್ಲಿ ಜಾರ್ಕೊಂಡು ತಣ್ಣಗೆ ನಿಲ್ತಿತ್ತು. ನೀವು ಮಾಡಿಸ್ಕೊಂಡಿದ್ದು ನಿಂತಲ್ಲೇ ಹಿಡ್ಕೊಂಡು ನೂಕೋದನ್ನ.”

“ಈಗ ಸರಿಮಾಡಕ್ಕಾಗುತ್ತಾ?”

“ಆಗುತ್ತೆ, ಬಿಚ್ಚಿ ಕಳಿಸಿ. ಈ ಸಲ ಕೂರೋರ ತೂಕಾನೂ ನಿಮ್ ಬಾಯಲ್ಲೇ ಕೇಳ್ಕೋತೀನಿ. ಯಜಮಾನ್ರು?”

“ಎಪ್ಪತ್ತೆರಡು.”

“ಮಗು?”

“ಎಂಟೂವರೆ.”

“ನೀವು?”

“ಐವತ್ತ್…”

ಬಾಗಿಲ ಆಚೆಯಿಂದ ಗಂಡನ ದನಿ ಬಂತು, ಮೂರು ದಿನದಲ್ಲಿ ಮೊದಲ ಸಲ ನಗುತ್ತ: “ಅರವತ್ತೆಂಟು ಅನ್ನೇ! ಮತ್ತೆ ಅಂಕಿ ತಿದ್ಬೇಡ!”

ಅವಳು ನಲ್ಲಿ ನಿಲ್ಲಿಸಿ, ಕಣ್ಣು ಮುಚ್ಚಿ, ಫೋನಿಗೆ ಹೇಳಿದಳು: “ಎಪ್ಪತ್ತೊಂದು, ಸಾರ್.”