ಅರವತ್ತನೆಯ ರೋಗಿಯ ನೋವು

ಕೊಟ್ಟೂರೇಶನ ಎರಡೂವರೆ ವರ್ಷದ ದುಡಿಮೆಗೆ ಅಡ್ಡ ಬಂದದ್ದು ಒಂದೇ ಒಂದು ಅಂಕಿ. ಅದು ಆರು.

ಅವನು ದಾವಣಗೆರೆಯ ಒಂದು ಮೆಡಿಕಲ್ ಕಾಲೇಜಿನಲ್ಲಿ ಸರ್ಜರಿ ಓದುತ್ತಿದ್ದ. ಹರ್ನಿಯಾ ಆಪರೇಷನ್ನಿನಲ್ಲಿ ಹೊಟ್ಟೆಯೊಳಗೆ ಒಂದು ಜಾಲರಿ ಕೂರಿಸುತ್ತಾರಲ್ಲ, ಅದನ್ನು ಹೊಲಿದರೆ ನೋವು ಬೇಗ ಹೋಗುತ್ತದೋ, ಅಂಟು ಹಾಕಿ ಕೂರಿಸಿದರೆ ಬೇಗ ಹೋಗುತ್ತದೋ ಎಂಬುದು ಅವನ ಥೀಸಿಸ್. ಒಟ್ಟು ಅರವತ್ತು ರೋಗಿಗಳು. ಮನೆಗೆ ಹೋದವರಿಗೆಲ್ಲ ಪ್ರತಿ ಭಾನುವಾರ ಸಂಜೆ ಫೋನ್ ಮಾಡಿ, "ಸೊನ್ನೆಯಿಂದ ಹತ್ತರೊಳಗೆ ನಿಮ್ಮ ನೋವು ಎಷ್ಟು?" ಎಂದು ಕೇಳಿ ಬರೆದುಕೊಳ್ಳಬೇಕು. ಎರಡು ವಾರ ಸಾಲಾಗಿ ಸೊನ್ನೆ ಎಂದವರಿಗೆ ಆಮೇಲೆ ಫೋನಿಲ್ಲ.

ಐವತ್ತೊಂಬತ್ತು ಜನ ಎರಡು ತಿಂಗಳೊಳಗೆ ಸೊನ್ನೆಗೆ ಬಂದು ಮುಟ್ಟಿದ್ದರು. ಅರವತ್ತನೆಯವನಾದ ಹರಿಹರದ ಮಾರಣ್ಣ ಮಾತ್ರ ಹನ್ನೊಂದು ತಿಂಗಳಿಂದ ಆರರಲ್ಲೇ ಕೂತಿದ್ದ, ಬಸ್ಸಿನಲ್ಲಿ ಕಿಟಕಿ ಸೀಟು ಸಿಕ್ಕವನ ಹಾಗೆ.

"ಹನ್ನೊಂದು ತಿಂಗಳು ಆರು ಅಂದ್ರೆ ಜಾಲರಿಗೆ ನರ ಸಿಕ್ಕಿಕೊಂಡಿರಬೇಕು," ಎಂದರು ಗೈಡ್ ಡಾಕ್ಟರ್ ಪುಷ್ಪಲತಾ. ಥೀಸಿಸ್ಸಿಗೆ ಸಹಿ ಹಾಕಲು ತೆಗೆದ ಪೆನ್ನು ಅವರ ಕೈಯಲ್ಲೇ ಇತ್ತು. "ಒಂದು ದಿನವಾದ್ರೂ ಮುಟ್ಟಿ ನೋಡಿದೀಯೇನಪ್ಪ?"

"ಬನ್ನಿ ಅಂದ್ರೆ ಬರಲ್ಲ ಮೇಡಂ. ಮುಂದಿನ ವಾರ ಅಂತಾರೆ."

"ಹಾಗಾದ್ರೆ ನೀನು ಹೋಗು. ನೋಡ್ಕೊಂಡು ಐದು ಗಂಟೆಯೊಳಗೆ ಬಾ. ಇವತ್ತು ಇದು ಆಫೀಸಿಗೆ ಹೋಗದಿದ್ರೆ ನಿನ್ನ ಪರೀಕ್ಷೆ ಆರು ತಿಂಗಳು ಮುಂದಕ್ಕೆ."

ಅವನು ಬಾಗಿಲು ದಾಟುವಾಗ ಮೇಡಂ ಕರೆದು, ತಮ್ಮ ಡಬ್ಬಿಯಿಂದ ಎರಡು ಚಪಾತಿ ಸುರುಳಿ ಸುತ್ತಿ ಕೊಟ್ಟರು. "ದಾರೀಲಿ ತಿನ್ನು. ನಿನ್ನ ಮುಖ ನೋಡಿದ್ರೆ ನೀನೇ ಪೇಷಂಟ್ ಥರ ಇದೀಯ."

ಬಸ್ಸಿನಲ್ಲಿ ಚಪಾತಿ ತಿನ್ನುತ್ತ ಕೊಟ್ಟೂರೇಶ್ ಮಾರಣ್ಣನ ಬಗ್ಗೆಯೇ ಯೋಚಿಸಿದ. ಜೊತೆಗಿದ್ದ ಮಾಲತೇಶ್ ಮದುವೆಯಾಗಿ ಸರಸ್ವತಿ ನಗರದಲ್ಲಿ ಮನೆ ಮಾಡಿದ ಮೇಲೆ ಹಾಸ್ಟೆಲ್ ಕೋಣೆಯಲ್ಲಿ ಇವನೊಬ್ಬನೇ. ವಾರವೆಲ್ಲ ಆಪರೇಷನ್ ಥಿಯೇಟರಿನಲ್ಲಿ "ಕತ್ತರಿ ಕೊಡಿ", "ಲೈಟ್ ಇತ್ತ ತಿರುಗಿಸಿ" ಎಂಬಷ್ಟೇ ಮಾತು. ಭಾನುವಾರ ಮಾರಣ್ಣನಿಗೆ ಮಾಡುವ ಫೋನೇ ವಾರದಲ್ಲಿ ಅವನು ಆಡುವ ಉದ್ದನೆಯ ಮಾತುಕತೆ. ಅದು ಮುಗಿದ ಮೇಲೆ ಕೋಣೆ ಸ್ವಲ್ಪ ದೊಡ್ಡದಾದಂತೆ ಕಾಣುತ್ತಿತ್ತು. ಅಂಥ ಮನುಷ್ಯನನ್ನು ನೋವಿನಲ್ಲಿ ಬಿಟ್ಟು ತಾನು ಬರೀ ಅಂಕಿ ಬರೆದುಕೊಂಡೆನಲ್ಲ ಎನಿಸಿ, ಉಳಿದ ಚಪಾತಿಯನ್ನು ಮತ್ತೆ ಸುತ್ತಿ ಬ್ಯಾಗಿಗೆ ಹಾಕಿದ.

ಹರಿಹರದಲ್ಲಿ ಹೊಳೆ ಕಡೆಯ ಓಣಿಯ ನಲ್ಲಿಯ ಹತ್ತಿರ ಒಬ್ಬ ಹೆಂಗಸು ಕೊಡ ತುಂಬಿಸುತ್ತಿದ್ದಳು.

"ಮಾರಣ್ಣನ ಮನೆ ಯಾವುದಮ್ಮ?"

ಅವನ ದನಿ ಕೇಳಿದ್ದೇ ಆಕೆ ಕೊಡ ಬಿಟ್ಟು ನೆಟ್ಟಗೆ ನಿಂತಳು. "ನೀವು ಭಾನುವಾರದ ಡಾಕ್ಟ್ರಲ್ಲೇನ್ರಿ?"

"ನಿಮಗೆ ಹೆಂಗೆ ಗೊತ್ತು?"

"ಮಾರಣ್ಣಂಗೆ ಕಿವಿ ಮಂದ ಐತೆ. ಫೋನ್ ದೊಡ್ಡ ಸೌಂಡ್ ಇಟ್ಕಂಡೇ ಮಾತಾಡಾದು. ನಾನು ಗಿರಿಯಮ್ಮ, ಎದುರುಮನಿ. ನಿಮ್ ಮಾತು ಮುಗಿಯಾಗಂಟ ನಮ್ ಮನ್ಯಾಗೆ ಟಿವಿ ಹಚ್ಚಲ್ಲ."

ಎರಡು ನಿಮಿಷದಲ್ಲಿ ಓಣಿ ನೆರೆಯಿತು. ಯಾರೋ ಕುರ್ಚಿ ತಂದರು, ಯಾರೋ ಮಜ್ಜಿಗೆ ತಂದರು. ಭಾನುವಾರ ರಾತ್ರಿ ಮೆಸ್ ಬಂದ್ ಇದ್ದಾಗ ಇನ್ನೂ ಮಂಡಕ್ಕಿಯನ್ನೇ ತಿನ್ನುತ್ತೀರಾ ಎಂದು ಒಬ್ಬಳು ಕೇಳಿದಳು. ಮಾಲತೇಶ್ ಒಂದು ಸಲವಾದರೂ ಊಟಕ್ಕೆ ಕರೆದನಾ ಎಂದು ಇನ್ನೊಬ್ಬಳು.

"ಆ ಹೆಣ್ಣಿನ ಕಡೆಯೋರು ಏನಂದ್ರು?" ಎಂದಳು ಗಿರಿಯಮ್ಮ, ದನಿ ತಗ್ಗಿಸಿ. ತಗ್ಗಿಸಿದ ದನಿಯೂ ಎಲ್ಲರಿಗೂ ಕೇಳಿಸಿತು. "ಫೋಟೋ ಕಳಿಸಿ ಮೂರು ವಾರಾತು ಅಂದಿದ್ರಿ."

"ಇನ್ನೂ ಏನೂ ಅಂದಿಲ್ಲ."

"ನಾ ಅವತ್ತೇ ಹೇಳಿದ್ದೆ, ಆ ಆಪರೇಷನ್ನಿನ ಹಸಿರು ಟೋಪಿ ಫೋಟೋ ಬ್ಯಾಡಾಗಿತ್ತು ಅಂತ," ಎಂದ ಒಬ್ಬ ಮುದುಕ. ಸುತ್ತಲಿನ ನಾಲ್ಕು ಜನ ಹೌದೆಂದು ತಲೆಯಾಡಿಸಿದರು.

ಬಟ್ಟೆ ಬಿಚ್ಚಿಸಿ, ಹತ್ತು ಜನ ವಿದ್ಯಾರ್ಥಿಗಳ ಮುಂದೆ ಮಲಗಿಸಿದ ರೋಗಿಗೆ ಹೇಗನಿಸುತ್ತದೆ ಎಂದು ಕೊಟ್ಟೂರೇಶನಿಗೆ ಮೊದಲ ಸಲ ತಿಳಿಯಿತು.

"ಮಾರಣ್ಣ ಎಲ್ಲಿ? ನೋವಂತ ಮಲಗಿದ್ದಾರಾ?"

ಗಿರಿಯಮ್ಮ ಸೆರಗು ಸರಿಮಾಡಿಕೊಂಡು, "ಇಲ್ಲೇ ಎಲ್ಲೋ ಹೋಗಿರ್ಬೇಕು, ಕೂಡ್ರಿ," ಎಂದಳು. ಅಷ್ಟರಲ್ಲಿ ಮಜ್ಜಿಗೆ ತಂದವಳು ಬಾಯಿ ತಪ್ಪಿ, "ಗೋಡೌನಿನಾಗೆ ಲೋಡ್ ಇಳಸ್ತಾ ಅದಾನೆ," ಎಂದುಬಿಟ್ಟಳು.

ಗೋಡೌನಿನಲ್ಲಿ ಮಾರಣ್ಣ ಐವತ್ತು ಕೆಜಿ ಅಕ್ಕಿ ಚೀಲ ಬೆನ್ನಿಗೇರಿಸಿ ಹಲಗೆಯ ಮೇಲೆ ಹುಡುಗನ ಹಾಗೆ ಇಳಿದು ಬರುತ್ತಿದ್ದ. ಎದುರಿಗೆ ಡಾಕ್ಟರನ್ನು ಕಂಡವನೇ ನಿಂತ. ನಿಂತು ನೆನಪು ಮಾಡಿಕೊಂಡು, ಚೀಲ ಬೆನ್ನಮೇಲಿರುವಾಗಲೇ ಒಂದು ಕೈ ತೊಡೆಸಂದಿಗೆ ಒತ್ತಿ, "ಭಾಳ ನೋವ್ರೀ ಡಾಕ್ಟ್ರೇ," ಎಂದ.

"ಮೊದಲು ಚೀಲ ಇಳಿಸ್ರಿ."

ಚೀಲಗಳ ಮರೆಯಲ್ಲಿ ಕೊಟ್ಟೂರೇಶ್ ಪರೀಕ್ಷೆ ಮಾಡಿದ. ಒತ್ತಿದ, ಕೆಮ್ಮಿಸಿದ, ಕಾಲೆತ್ತಿಸಿದ. ಗಾಯ ಹಳೇ ರವಿಕೆಯ ಹೊಲಿಗೆಯಂತೆ ಸಪಾಟಾಗಿ ಕೂತಿತ್ತು.

"ನಿಜ ಹೇಳ್ರಿ, ಎಷ್ಟು?"

"ಸೊನ್ನೆ," ಎಂದ ಮಾರಣ್ಣ ನೆಲ ನೋಡುತ್ತ. "ಎರಡನೇ ತಿಂಗಳಿಂದ ಸೊನ್ನೆ."

"ಮತ್ತೆ ವಾರ ವಾರ ಆರು ಅಂದ್ರಲ್ಲ, ಯಾಕ?"

"ಸೊನ್ನೆ ಅಂದ್ರೆ ಫೋನ್ ಬಂದ್ ಅಂತ ನೀವೇ ಹೇಳಿದ್ರಿ. ಎಂಟು ಅಂದ್ರೆ ನೀವು ಗಾಬ್ರಿ ಬೀಳ್ತಿದ್ರಿ. ಮೂರು ಅಂದ್ರೆ ಇನ್ನೇನು ವಾಸಿ ಆಕತಿ ಅಂತಿದ್ರಿ. ಓಣಿಯೋರೆಲ್ಲ ಕೂತು ಯೋಚನೆ ಮಾಡಿ ಆರು ಅಂತ ಇಟ್ವಿ."

"ನನ್ನ ಫೋನು ಅಷ್ಟು ಬೇಕಾಗಿತ್ತಾ ನಿಮಗೆ?"

"ನಂಗಲ್ರೀ," ಎಂದ ಮಾರಣ್ಣ ಮೆಲ್ಲಗೆ. "ನಮ್ ಮನ್ಯಾಗೆ ಹನ್ನೊಂದು ಜನ, ಮಾತಿಗೇನು ಬರ. ವಾರ್ಡಿನಾಗೆ ನೋಡ್ತಿದ್ದೆ, ನೀವು ಎಲ್ರಿಗೂ ಊಟ ಆತಾ ಅಂತ ಕೇಳಾರು. ನಿಮಗೆ ಕೇಳಾರು ಯಾರೂ ಇರ್ಲಿಲ್ಲ. ನಾನೂ ಸೊನ್ನೆ ಅಂದ್ಬಿಟ್ರೆ ಭಾನುವಾರ ನೀವು ಯಾರ ತಾಕ ಮಾತಾಡ್ಬೇಕು?"

ಕೊಟ್ಟೂರೇಶ್ ಸ್ವಲ್ಪ ಹೊತ್ತು ಅಕ್ಕಿ ಚೀಲದ ಮೇಲಿನ ಅಕ್ಷರ ಓದುತ್ತ ನಿಂತ. ಆಮೇಲೆ ಹಾಳೆ ತೆಗೆದು ಸೊನ್ನೆ ಬರೆದು, ಮಾರಣ್ಣನ ಸಹಿ ಹಾಕಿಸಿಕೊಂಡ. ಅರವತ್ತಕ್ಕೆ ಅರವತ್ತೂ ಸೊನ್ನೆ. ಥೀಸಿಸ್ ಮುಗಿದಿತ್ತು.

ಹೊರಗೆ ಬಂದಾಗ ನಾಲ್ಕು ಗಂಟೆ. ಬಸ್ಸು ಆಗತಾನೆ ಹೋಗಿತ್ತು. ಗಿರಿಯಮ್ಮ ರಸ್ತೆಯ ಮಧ್ಯೆ ಕೈ ಅಡ್ಡ ಹಿಡಿದು ಒಂದು ಆಟೋ ನಿಲ್ಲಿಸಿದಳು. ಡ್ರೈವರ್ ತಿರುಗಿ ನೋಡಿ ನಕ್ಕ. ಅವನು ಮುನಾಫ್, ಥೀಸಿಸ್ಸಿನ ಇಪ್ಪತ್ತಮೂರನೆಯ ರೋಗಿ. ಮೂರನೇ ವಾರಕ್ಕೇ ಸೊನ್ನೆ ಹೇಳಿ ಮುಗಿಸಿದ್ದವನು.

"ಹತ್ರಿ ಸಾಬ್. ಐದಕ್ಕೆ ಮುಂಚೆ ಮುಟ್ಟಿಸ್ತೀನಿ."

ಮುನಾಫ್ ಸೀಟಿನ ಮೇಲೆ ತಲೆದಿಂಬು ಹಾಕಿ ಓರೆಯಾಗಿ ಕೂತಿದ್ದ. ರಸ್ತೆಯ ಮೊದಲ ಹಂಪ್ ಬಂದಾಗ "ಸ್ಸ್" ಎಂದ. ಎರಡನೆಯದಕ್ಕೆ ಹ್ಯಾಂಡಲ್ ಬಿಟ್ಟು ತೊಡೆಸಂದಿ ಹಿಡಿದುಕೊಂಡ.

"ಮುನಾಫ್, ನೋವೈತಾ?"

"ಥೋಡಾ ಐತೆ ಸಾಬ್."

"ಎಷ್ಟು?"

"ಬ್ರೇಕ್ ಹಾಕಿದ್ರೆ ಏಳು. ಹಂಪ್ ಬಂದ್ರೆ ಎಂಟು."

"ಮತ್ತೆ ನನಗೆ ಸೊನ್ನೆ ಅಂದಿದ್ರಲ್ಲ."

ಮುನಾಫ್ ಕನ್ನಡಿಯಲ್ಲಿ ಅವನ ಮುಖ ನೋಡಿ, ಮತ್ತೆ ರಸ್ತೆ ನೋಡಿದ. "ಬೇಜಾರಾಗ್ಬ್ಯಾಡ್ರಿ ಸಾಬ್. ನೀವು ಭಾಳ ಒಳ್ಳೇರು. ಆದ್ರೆ ನಂಗೆ ಸಂಜೆ ಆರಕ್ಕೇ ಸ್ಟೇಷನ್ ಬಾಡಿಗೆ. ನೀವು ನೋವು ಎಷ್ಟು ಅಂತ ಒಂದು ನಿಮಿಷ ಕೇಳಿ, ಮೆಸ್ಸಿನ ಸಾರಿನ ಸುದ್ದಿ ಅರ್ಧ ಗಂಟೆ ಹೇಳ್ತಿದ್ರಿ. ಅಷ್ಟರಾಗೆ ಟ್ರೈನ್ ಬಂದು, ಜನ ಇಳಿದು, ಬೇರೆ ಗಾಡಿ ಹತ್ತಿ ಹೋಗಿರೋರು. ಇಡೋಣ ಅನ್ನೋಕೆ ಮನಸು ಬರ್ಲಿಲ್ಲ. ಅದಕ್ಕೆ ಎರಡು ಸಲ ಸೊನ್ನೆ ಅಂದೆ."

ಕೊಟ್ಟೂರೇಶ್ ಹಾಳೆಯನ್ನು ಮಡಚಿ ಜೇಬಿಗಿಟ್ಟ.

"ನಾನೊಬ್ಬನೇ ಅಲ್ಲ," ಎಂದ ಮುನಾಫ್, ಸಮಾಧಾನ ಹೇಳುವವನಂತೆ. "ಪಕ್ಕದ ಮಂಚದಾಗೆ ಲೋಕಿಕೆರೆ ಅಣ್ಣ ಇದ್ನಲ್ಲ, ಅವನೂ ಹಂಗೇ ಮಾಡ್ದ. ಅವಂದು ಹಾಲು ಕರಿಯೋ ಹೊತ್ತು."

ಆಸ್ಪತ್ರೆಯ ಗೇಟು ಕಂಡಾಗ ನಾಲ್ಕು ಮುಕ್ಕಾಲು. ಮುನಾಫ್ ತಾನಾಗಿ ಯಾರಿಗೂ ಹೇಳುವವನಲ್ಲ. ಇಲ್ಲಿಯೇ ಇಳಿದು, ಕೈ ಬೀಸಿ, ಒಳಗೆ ಹೋದರೆ ಸಹಿ ಸಿಗುತ್ತದೆ. ಕೊಟ್ಟೂರೇಶ್ ಇಳಿದ. ಆ ತಲೆದಿಂಬಿನ ನಡುವೆ ಬಿದ್ದಿದ್ದ ಕುಳಿ ನೋಡಿದ. "ಗಾಡಿ ಒಳಗೆ ತಗೊಳ್ರಿ," ಎಂದ.

ಮೇಡಂ ತಾವೇ ಮುನಾಫನನ್ನು ಪರೀಕ್ಷಿಸಿ ವಾರ್ಡಿಗೆ ಕಳಿಸಿದರು. ಸಿಕ್ಕಿಕೊಂಡಿದ್ದ ನರ ಮಾರಣ್ಣನದಲ್ಲ, ಇವನದು. ಕೊಟ್ಟೂರೇಶ್ ಎಲ್ಲವನ್ನೂ ಹೇಳಿದ, ಮೆಸ್ಸಿನ ಸಾರನ್ನೂ ಬಿಡದೆ. ಮೇಡಂ ನಗಲಿಲ್ಲ. ಪೆನ್ನಿಗೆ ಕ್ಯಾಪ್ ಹಾಕಿದರು.

"ಉಳಿದ ಐವತ್ತೆಂಟರಲ್ಲಿ ನಿಜವಾದ ಸೊನ್ನೆ ಎಷ್ಟು?"

"ಗೊತ್ತಿಲ್ಲ ಮೇಡಂ."

"ಅರವತ್ತೂ ಜನಕ್ಕೆ ಮತ್ತೆ ಫೋನ್ ಹೋಗಬೇಕು. ಪರೀಕ್ಷೆ ಆರು ತಿಂಗಳು ಮುಂದಕ್ಕೆ."

ದುಃಖವಾಗಬೇಕಿತ್ತು, ಆಯಿತು ಕೂಡ. ಆದರೆ ಅದರ ಅಡಿಯಲ್ಲಿ, ಅವನೇ ನಾಚುವ ಹಾಗೆ, ಒಂದು ಸಣ್ಣ ಖುಷಿ ಮಿಸುಕಿತು. ಅರವತ್ತು ಫೋನು. "ಈ ಭಾನುವಾರದಿಂದಲೇ ಶುರು ಮಾಡ್ತೀನಿ ಮೇಡಂ," ಎಂದ.

"ನೀನಲ್ಲ. ನಿನ್ನ ಜೂನಿಯರ್ ಸ್ನೇಹಾ ಮಾಡ್ತಾಳೆ. ಒಂದೇ ಪ್ರಶ್ನೆ, ಎರಡು ನಿಮಿಷ." ಮೇಡಂ ತಮ್ಮ ಮುಂದಿದ್ದ ಟೀ ಲೋಟವನ್ನು ಅವನ ಕಡೆ ಸರಿಸಿದರು. "ಅವರಿಗೆ ನಿನ್ನ ಮೇಲೆ ಕನಿಕರ ಬಂದ್ರೂ ಲೆಕ್ಕ ತಪ್ಪುತ್ತೆ, ಬೇಸರ ಬಂದ್ರೂ ತಪ್ಪುತ್ತೆ. ಥೀಸಿಸ್ ಮುಗಿಯೋವರೆಗೂ ಆ ಅರವತ್ತರಲ್ಲಿ ಒಬ್ಬರ ಜೊತೆಗೂ ನೀನು ಮಾತಾಡೋ ಹಾಗಿಲ್ಲ."

"ಮಾರಣ್ಣನ ಜೊತೆ?"

"ಅವನ ಜೊತೆ ಅಂತೂ ಇಲ್ಲವೇ ಇಲ್ಲ. ಟೀ ಕುಡಿ, ಆರುತ್ತೆ."

ಟೀ ಕುಡಿದು ಅವನು ವಾರ್ಡಿನ ಮೂಲಕ ಹೊರಟ. ಇಂಜೆಕ್ಷನ್ ಬಿದ್ದಿದ್ದರಿಂದ ಮುನಾಫನ ಮುಖ ಸಡಿಲವಾಗಿತ್ತು. ಡಾಕ್ಟರನ್ನು ಕಂಡವನೇ ಕಾಲು ಮಡಚಿಕೊಂಡು ಮಂಚದ ತುದಿಯಲ್ಲಿ ಜಾಗ ಮಾಡಿದ.

"ಬರ್ರಿ ಸಾಬ್, ಕೂಡ್ರಿ. ಅವತ್ತು ಪೂರ್ತಿ ಕೇಳ್ಲಿಲ್ಲ ಅಂತ ಮನಸಿಗೆ ಕೊರಿತಿತ್ತು. ಈಗ ಗಾಡಿ ನಿಂತೈತೆ. ಬೆಳಗಾಗಂಟ ಹೇಳ್ರಿ, ಕೇಳ್ತೀನಿ."

ಕೊಟ್ಟೂರೇಶ್ ಕೂತ. ಹೇಳಲು ಎಷ್ಟೊಂದಿತ್ತು. ಬಾಯಿ ತೆರೆದ. ಬಾಗಿಲಲ್ಲಿ ಸ್ನೇಹಾ ಕೈಯಲ್ಲಿ ಹೊಸ ಹಾಳೆ ಹಿಡಿದು, ತನ್ನ ಎರಡು ನಿಮಿಷಕ್ಕಾಗಿ ಗಡಿಯಾರ ನೋಡುತ್ತ ನಿಂತಿದ್ದಳು.

ಅವನು ಬಾಯಿ ಮುಚ್ಚಿ, ಎದ್ದು, ಮುನಾಫನ ಹೊದಿಕೆಯನ್ನು ಕಾಲಿನವರೆಗೆ ಎಳೆದು ಸರಿಮಾಡಿ, ಹೊರಗೆ ನಡೆದ.